ಆಲೂಗೆಡ್ಡೆಗೆ ಹುಳ ಬಿದ್ದ ವರ್ಷ

ಇಂದ್ರತ್ತೆ ಗಂಡನ ಮನೆ ಬಿಟ್ಟು ಬಂದದ್ದು ನಮ್ಮ ಮನೆಯಲ್ಲಿ ಬಿತ್ತನೆ ಗೆಡ್ಡೆ ಕೊಯ್ಯುತ್ತಿದ್ದ ದಿನ. ಜಗಲಿಯ ಉದ್ದಕ್ಕೂ ಗೋಣಿಚೀಲ ಹಾಸಿ, ಮೊಳಕೆ ಬಂದ ಆಲೂಗೆಡ್ಡೆಯನ್ನು ಗುಡ್ಡೆ ಸುರಿದುಕೊಂಡು ಅವ್ವ, ಅಜ್ಜಿ, ಪಕ್ಕದ ಮನೆಯ ಹೆಂಗಸರು ಚಾಕು ಹಿಡಿದು ಕೂತಿದ್ದರು. ಪ್ರತಿ ಹೋಳಿನಲ್ಲೂ ಒಂದಾದರೂ ಕಣ್ಣು ಉಳಿಯುವ ಹಾಗೆ ಕೊಯ್ಯಬೇಕು, ಕೊಯ್ದದ್ದನ್ನು ಬೂದಿಯಲ್ಲಿ ಹೊರಳಿಸಬೇಕು. ಬೂದಿಯ ಕೆಲಸ ನನ್ನದು. ಮೂಗಿನ ತನಕ ಮೆತ್ತಿಕೊಂಡು ಕೂತಿದ್ದೆ. ಮಧ್ಯಾಹ್ನದ ಬಸ್ಸು ರಸ್ತೆಯಲ್ಲಿ ನಿಂತು ಹೊರಟ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಇಂದ್ರತ್ತೆ ಅಂಗಳದಲ್ಲಿ ನಿಂತಿದ್ದಳು. ಅವಳು ಅಪ್ಪನ ಒಬ್ಬಳೇ ತಂಗಿ. ಬೆಳಗೋಡಿನ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಿಗೆ ಕೊಟ್ಟು ಮದುವೆ ಮಾಡಿ ಬಹಳ ಕಾಲವೇನೂ ಆಗಿರಲಿಲ್ಲ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಜೊತೆಗೆ ಗಂಡನೂ ಇಲ್ಲ, ಕೈಯಲ್ಲಿ ಒಂದು ವೈರ್ ಬ್ಯಾಗು ಮಾತ್ರ. ಅಜ್ಜಿಯ ಚಾಕು ನಿಂತುಹೋಯಿತು. ಅತ್ತೆ ಏನೂ ಆಗದವಳ ಹಾಗೆ ತೊಟ್ಟಿಯ ಹತ್ತಿರ ಹೋಗಿ ಕಾಲು ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವ್ವನ ಪಕ್ಕ ಜಾಗ ಮಾಡಿಕೊಂಡು ಕೂತಳು.

"ಇನ್ನೊಂದು ಚಾಕು ಐತಾ ಅತ್ತಿಗೆ?"

ಅವ್ವ ತನ್ನ ಕೈಯಲ್ಲಿದ್ದುದನ್ನೇ ಕೊಟ್ಟಳು. ನೆರೆಯವರು ಇದ್ದುದರಿಂದ ಯಾರೂ ಏನೂ ಕೇಳಲಿಲ್ಲ. ಸಂಜೆ ಅವರೆಲ್ಲ ಎದ್ದು ಹೋದ ಮೇಲೆ ಅಜ್ಜಿ ಮಗಳ ಮುಂದೆ ಬಂದು ಕೂತಳು.

"ಯಾವಾಗ ಹೋಗ್ತೀಯ?"

"ಹೋಗಲ್ಲ ಕಣವ್ವ."

"ಹೊಡೀತಿದ್ನಾ?"

"ಇಲ್ಲ."

"ಕುಡೀತಿದ್ನಾ?"

"ಇಲ್ಲ. ಬೀಗ ಹಾಕ್ಕಂಡು ಹೋಗೋನು. ಬೆಳಿಗ್ಗೆ ಹೊರಗಡೆಯಿಂದ ಬೀಗ ಜಡಿದು ಹೋದ್ರೆ ಮಧ್ಯಾಹ್ನ ಊಟಕ್ಕೆ ಬಂದಾಗ ತೆಗೆಯೋನು. ಉಂಡು ಕೈ ತೊಳ್ಕಂಡು ಮತ್ತೆ ಜಡಿದು ಹೋಗೋನು."

"ಇಷ್ಟಕ್ಕೆ ಬಂದ್ಬುಟ್ಟಾ?" ಎಂದಳು ಅಜ್ಜಿ.

ಅತ್ತೆ ಎದ್ದು ಬೂದಿ ಮೆತ್ತಿದ ಹೋಳುಗಳನ್ನು ಬುಟ್ಟಿಗೆ ತುಂಬತೊಡಗಿದಳು. ಅಪ್ಪ ಕಂಬಕ್ಕೆ ಒರಗಿ ನಿಂತಿದ್ದವನು ಬೀಡಿ ಹಚ್ಚಿಕೊಂಡು ಹೊಲದ ಕಡೆ ನಡೆದುಬಿಟ್ಟ. ಮಾತು ಬೆಳೆಯುವ ಜಾಗದಿಂದ ಎದ್ದು ನಡೆಯುವುದು ಅವನ ಅಭ್ಯಾಸ. ಆ ಮಳೆಗಾಲದಲ್ಲಿ ಅವನು ನಡೆದಷ್ಟು ದಾರಿ ಇನ್ಯಾವ ವರ್ಷವೂ ನಡೆದಿರಲಾರ.

ನಮ್ಮದು ಆಲೂರಿನಿಂದ ಪಾಳ್ಯದ ಕಡೆಗೆ ಹೋಗುವಾಗ ಗದ್ದೆ ಬಯಲು ಮುಗಿದು ದಿಬ್ಬ ಏರುವಲ್ಲಿ ಇದ್ದ ಹೆಂಚಿನ ಮನೆ. ಮುಂದೆ ಜಗಲಿ, ಒಳಗೆ ನಡುಮನೆ, ಅದರ ಒಂದು ಪಕ್ಕಕ್ಕೆ ಅಪ್ಪ ಅವ್ವನ ಕೋಣೆ, ಇನ್ನೊಂದು ಪಕ್ಕಕ್ಕೆ ದವಸದ ಕೋಣೆ, ಹಿಂದುಗಡೆ ಅಡುಗೆಮನೆ, ಅದಕ್ಕೆ ಅಂಟಿಕೊಂಡಂತೆ ಬಚ್ಚಲು. ಅಡುಗೆಮನೆಯ ಕಿಟಕಿಯಿಂದ ಹಿಂದಿನ ಹೊಲ ಪೂರ್ತಿ ಕಾಣುತ್ತಿತ್ತು. ಮುಂಗಾರಿಗೆ ಅಲ್ಲಿ ಆಲೂಗೆಡ್ಡೆ, ಅದನ್ನು ಕಿತ್ತ ಮೇಲೆ ರಾಗಿಯೋ ಹುರುಳಿಯೋ. ಇಷ್ಟು ದಿನ ಈ ಮನೆಗೆ ಒಂದು ಕ್ರಮವಿತ್ತು. ದೀಪ ಹಚ್ಚಿದ ಮೇಲೆ ಅಜ್ಜಿ ಹಿಂಬಾಗಿಲು ಹಾಕುತ್ತಿದ್ದಳು, ಊಟವಾದ ಮೇಲೆ ಅಪ್ಪ ಮುಂಬಾಗಿಲು ಹಾಕುತ್ತಿದ್ದ. ಅತ್ತೆ ಬಂದಮೇಲೆ ಆ ಕ್ರಮ ಕೆಟ್ಟಿತು. ಅಜ್ಜಿ ಹಾಕಿದ ಬಾಗಿಲನ್ನು ಅತ್ತೆ ತೆಗೆಯುವಳು, ಅತ್ತೆ ತೆಗೆದದ್ದನ್ನು ಅಜ್ಜಿ ಹಾಕುವಳು. ಸ್ನಾನಕ್ಕೆ ಹೋದರೂ ಬಚ್ಚಲಿನ ಬಾಗಿಲು ಒಂದು ಗೇಣು ತೆರೆದೇ ಇರಬೇಕು. ಅದರ ಮುಂದೆ ನಾನು ಯಾರೂ ಬರದಂತೆ ನಿಲ್ಲಬೇಕು. ಊಟಕ್ಕೆ ಕೂತರೆ ಎರಡು ತುತ್ತಿಗೊಮ್ಮೆ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತು ಬರುವಳು. ಅವಳನ್ನು ನೋಡಿ ನೋಡಿ ನಮಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮುದ್ದೆ ಮುರಿಯುತ್ತ ಮುರಿಯುತ್ತ ಅವ್ವ ಬಾಗಿಲ ಕಡೆ ನೋಡುವಳು, ಅಪ್ಪ ಅವ್ವನ ಕಡೆ ನೋಡುವನು.

ಬಂದ ವಾರದೊಳಗೇ ಒಂದು ಬೆಳಿಗ್ಗೆ ಅವ್ವ ನನ್ನನ್ನು ಒಲೆಯ ಹತ್ತಿರ ಕರೆದು ಮೆಲ್ಲಗೆ ಹೇಳಿದಳು.

"ಪುಟ್ಟೀ, ಇನ್ಮೇಲೆ ಅತ್ತೆ ಜೊತೆ ಇರು. ಸ್ಕೂಲಿಂದ ಬಂದ ತಕ್ಷಣ ಅವಳು ಎಲ್ಲವಳೆ ನೋಡು. ಬಾವಿ ಹತ್ರ ಹೋದ್ರೂ ಹೋಗು, ಹೊಲಕ್ಕೆ ಹೋದ್ರೂ ಹೋಗು. ರಾತ್ರಿ ಅವಳ ಮಗ್ಗುಲಲ್ಲೇ ಮಲಕ್ಕೊ."

"ಯಾಕವ್ವ?"

"ಅವಳಿಗೆ ಬ್ಯಾಸರ ಅಲ್ವಾ, ಅದಕ್ಕೆ."

ನನಗೆ ಇದಕ್ಕಿಂತ ಸಂತೋಷದ ಕೆಲಸ ಬೇರೆ ಇರಲಿಲ್ಲ. ಒಬ್ಬಳೇ ಮಗಳಾಗಿ ಬೆಳೆದವಳು ನಾನು. ಅತ್ತೆಗೋ ಕತೆ ಹೇಳಲು ಬರುತ್ತಿತ್ತು, ಮರ ಹತ್ತಲು ಬರುತ್ತಿತ್ತು, ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆಯಲು ಬರುತ್ತಿತ್ತು. ನಾನು ಅವಳ ಸೆರಗಿಗೆ ಗಂಟು ಹಾಕಿಕೊಂಡವಳ ಹಾಗೆ ತಿರುಗತೊಡಗಿದೆ. ಒಂದೊಂದು ಸಲ ಅತ್ತೆ ಗಕ್ಕನೆ ನಿಂತು ಹಿಂದೆ ತಿರುಗಿ ನನ್ನನ್ನೇ ನೋಡುವಳು. ಏನೋ ಕೇಳುವವಳ ಹಾಗೆ ಬಾಯಿ ತೆರೆದು, ಕೇಳದೆ ಮುಂದೆ ಹೋಗುವಳು.

ಹುಳ ನನಗೆ ಸಿಕ್ಕಿದ್ದು ಗಿಡಕ್ಕೆ ಮಣ್ಣು ಏರಿಸಿದ ಮೇಲೆ. ಆಗ ಸಾಲುಗಳು ಒಂದನ್ನೊಂದು ಮುಟ್ಟುವಷ್ಟು ಹಬ್ಬಿ, ಕಿಟಕಿಯಿಂದ ನೋಡಿದರೆ ಹೊಲ ದಟ್ಟ ಹಸಿರಾಗಿ ಕಾಣುತ್ತಿತ್ತು. ಸ್ಕೂಲಿನಿಂದ ಬಂದವಳು ಚೀಲ ಬಿಸಾಡಿ ಅತ್ತೆಯನ್ನು ಹುಡುಕಿಕೊಂಡು ಹೋದೆ. ಅವಳು ಕಳೆ ಕೀಳುತ್ತಿದ್ದಳು. ಬದುವಿನ ಪಕ್ಕದ ಗಿಡದ ಎಲೆಯ ಮೇಲೆ ಗುಂಡಗೆ, ಅರ್ಧ ಕಡಲೆಕಾಳಿನಂಥ ಒಂದು ಹುಳ ಕೂತಿತ್ತು. ಮೈ ತುಂಬ ಕಪ್ಪು ಚುಕ್ಕೆ. ನಾನು ಕುಣಿದುಬಿಟ್ಟೆ. ಗುಲಗಂಜಿ ಹುಳ! ಅದು ರೈತನ ಸ್ನೇಹಿತ, ಗಿಡದ ಹೇನು ತಿನ್ನುತ್ತದೆ, ಕೊಲ್ಲಬಾರದು ಎಂದು ಆ ವರ್ಷವೇ ಸ್ಕೂಲಿನಲ್ಲಿ ಪಾಠ ಮಾಡಿದ್ದರು. ನಾನು ಬೆರಳು ಮುಂದೆ ಚಾಚಿದೆನೋ ಇಲ್ಲವೋ, ಅದು ಆರು ಕಾಲೂ ಮಡಚಿಕೊಂಡು ಸತ್ತಂತೆ ಕೆಳಗೆ ಉದುರಿತು. ಮಣ್ಣಿನಿಂದ ಹೆಕ್ಕಿ ಅಂಗೈಯಲ್ಲಿಟ್ಟುಕೊಂಡರೆ ಅದರ ಮಂಡಿಗಳ ಸಂದಿಯಿಂದ ಹಳದಿ ನೀರು ಒಸರಿತು. ಮೂಸಿದೆ, ಹಸಿ ಬೇರು ಜಜ್ಜಿದ ಹಾಗೆ ಕಹಿ ವಾಸನೆ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಹುಳ ಮೆಲ್ಲಗೆ ಒಂದು ಕಾಲು ಆಡಿಸಿ, ಮಗುಚಿಕೊಂಡು, ನನ್ನ ಬೆರಳಿನ ತುದಿಗೆ ಹತ್ತಿತು. ಆ ಕಾಲುಗಳ ಕಚಗುಳಿ ಇವತ್ತಿಗೂ ನನ್ನ ಬೆರಳಿಗೆ ಗೊತ್ತು.

"ಅತ್ತೇ, ನೋಡು! ಗುಲಗಂಜಿ ಹುಳ. ನಮ್ ಹೊಲಕ್ಕೆ ಬಂದೈತೆ. ಒಳ್ಳೇದು ಅಂತೆ."

ಅತ್ತೆ ಕುಡುಗೋಲು ಇಟ್ಟು ಹತ್ತಿರ ಬಂದಳು. ನನ್ನ ಕೈ ಹಿಡಿದು ಬಿಸಿಲಿಗೆ ಒಡ್ಡಿ ನೋಡಿದಳು.

"ಗುಲಗಂಜಿ ಹುಳ ಮಿರಮಿರ ಹೊಳೀತದಲ್ವಾ? ಇದಕ್ಕೆ ಹೊಳಪೇ ಇಲ್ಲ ಕಣೇ. ತುಕ್ಕು ಹಿಡಿದಂಗೈತೆ."

ಆಮೇಲೆ ಅವಳು ಬಗ್ಗಿ ಆ ಗಿಡದ ಎಲೆಯೊಂದನ್ನು ಮಗುಚಿದಳು. ಎಲೆಯ ತಳದಲ್ಲಿ ಹಳದಿ ಬಣ್ಣದ, ಮೈಯೆಲ್ಲ ಮುಳ್ಳು ಮುಳ್ಳಾದ ಮರಿಹುಳಗಳು ಸಾಲಾಗಿ ಅಂಟಿಕೊಂಡು ಹಸಿರನ್ನು ಕೆರೆಯುತ್ತಿದ್ದವು. ಕೆರೆದ ಕಡೆ ಎಲೆ ಜರಡಿಯಂತೆ ಆಗಿ, ನರಗಳು ಮಾತ್ರ ಉಳಿದು, ಅದರೊಳಗಿಂದ ಅತ್ತೆಯ ಬೆರಳು ಕಾಣುತ್ತಿತ್ತು. ಪಕ್ಕದ ಗಿಡವನ್ನು ಮಗುಚಿದಳು, ಅಲ್ಲೂ ಅವೇ. ಇನ್ನೊಂದು ಎಲೆಯಡಿ ಹಳದಿ ಮೊಟ್ಟೆಗಳ ಗೊಂಚಲು, ಯಾರೋ ನಿಲ್ಲಿಸಿಟ್ಟ ಹಾಗೆ ಒತ್ತೊತ್ತಾಗಿ. ನನ್ನ ಬೆರಳಿನ ಮೇಲಿದ್ದುದನ್ನು ನೋಡಿದೆ. ಅದು ರೆಕ್ಕೆ ಬಿಚ್ಚಿ ಹಾರಿ ಮುಂದಿನ ಸಾಲಿನ ಮೇಲೆ ಕೂತಿತು. ಅಷ್ಟು ಚಂದದ್ದು ಕೆಟ್ಟದ್ದೂ ಆಗಿರಬಹುದು ಎಂಬುದು ನನ್ನ ತಲೆಗೆ ಹೋಗಲಿಲ್ಲ. ಅತ್ತೆಯ ಕೈ ಹಿಡಿದುಕೊಂಡು ಮತ್ತೆ ಮತ್ತೆ "ಇದು ಆ ಹುಳ ಅಲ್ವಾ? ನಿಜವಾಗ್ಲೂ ಅಲ್ವಾ?" ಎಂದು ಕೇಳಿದೆ.

"ಎರಡೂ ಒಂದೇ ಥರ ಕಾಣ್ತವೆ ಪುಟ್ಟಿ. ಹತ್ರ ಹೋದ್ರೇನೇ ಗೊತ್ತಾಗೋದು," ಎಂದಳು.

ಕೆಲವೇ ದಿನಗಳಲ್ಲಿ ಬದುವಿನ ಪಕ್ಕದ ಸಾಲುಗಳು ಕಂದಿದವು. ಅಪ್ಪ ಆಲೂರಿಗೆ ಹೋಗಿ ಒಂದು ಡಬ್ಬ ಔಷಧಿ ತಂದ. ಹುಳ ಕೊಲ್ಲುವ ವಿಷಕ್ಕೆ ನಮ್ಮ ಕಡೆ ಔಷಧಿ ಎಂದೇ ಹೆಸರು. ಪಂಪನ್ನು ಬೆನ್ನಿಗೆ ಕಟ್ಟಿ, ಮೂಗಿಗೆ ಟವೆಲ್ ಸುತ್ತಿ ಒಂದು ಬೆಳಿಗ್ಗೆ ಹೊಡೆದ. ಮಧ್ಯಾಹ್ನಕ್ಕೇ ಮಳೆ ಸುರಿದು ಹೊಡೆದದ್ದೆಲ್ಲ ತೊಳೆದುಹೋಯಿತು. ಡಬ್ಬದಲ್ಲಿ ಅರ್ಧ ಉಳಿದಿತ್ತು. ಬೇರೆ ವರ್ಷವಾಗಿದ್ದರೆ ಅದು ಕೊಟ್ಟಿಗೆಯ ಮಾಡಿನ ಸಂದಿಯಲ್ಲಿ ಕೂತಿರುತ್ತಿತ್ತು, ಯಾರಿಗೂ ನೆನಪಾಗುತ್ತಿರಲಿಲ್ಲ. ಆ ವರ್ಷ ಡಬ್ಬಕ್ಕೆ ನಿಂತ ನೆಲವೇ ಇಲ್ಲದಂತಾಯಿತು. ಬೆಳಿಗ್ಗೆ ಕೊಟ್ಟಿಗೆಯಲ್ಲಿದ್ದುದು ಸಂಜೆಗೆ ಅಟ್ಟದ ಮೇಲೆ, ಅಟ್ಟದಿಂದ ದವಸದ ಕೋಣೆಯ ಮೂಲೆಯ ಗೋಣಿಗಳ ಹಿಂದೆ, ಅಲ್ಲಿಂದ ಒಂದು ದಿನ ಅಪ್ಪ ಅದನ್ನು ಟವೆಲಿನಲ್ಲಿ ಸುತ್ತಿ ತನ್ನ ಮಂಚದ ಕೆಳಗೆ ತಳ್ಳಿದ. ಊಟದ ಸಾಮಾನಿರುವ ಮನೆಯಲ್ಲಿ ವಿಷ ಇಡುತ್ತೀರಾ ಎಂದು ಅವ್ವ ಜಗಳ ತೆಗೆದಳು. ಕಡೆಗೆ ಅಜ್ಜಿ ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ತನ್ನ ಕಬ್ಬಿಣದ ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಕೊರಳ ದಾರಕ್ಕೆ ಕಟ್ಟಿಕೊಂಡಳು. ಟ್ರಂಕಿನಲ್ಲಿ ಅವಳ ಮದುವೆಯ ಸೀರೆಯಿತ್ತು. ಆ ಸೀರೆಗೆ ಔಷಧಿಯ ಘಾಟು ಹಿಡಿದರೂ ಅವಳು ಬಾಯಿ ಬಿಡಲಿಲ್ಲ. ನನಗೆ ಇದೆಲ್ಲ ದೊಡ್ಡವರು ಆಡುವ ಕಣ್ಣಾಮುಚ್ಚಾಲೆಯಂತೆ ಕಾಣುತ್ತಿತ್ತು. ಒಂದು ಮುಂಜಾನೆ ಹಂಡೆಗೆ ಉರಿ ಹಾಕಲು ಬಚ್ಚಲಲ್ಲಿ ಕೂತಿದ್ದಾಗ ಅಡುಗೆಮನೆಯಲ್ಲಿ ಅಪ್ಪ ಅವ್ವನ ಪಿಸುಮಾತು ಕೇಳಿಸಿತು.

"ಕಳಿಸ್ಬುಡಣ ಕಣೇ. ಏನಾದ್ರೂ ಮಾಡ್ಕಂಡ್ರೆ ನಾನು ಬದುಕಿರ್ತೀನಾ?"

"ಅಲ್ಲಿಗೆ ಕಳಿಸಿದ್ರೆ ಮಾಡ್ಕಳಲ್ಲ ಅಂತ ಏನು ಗ್ಯಾರಂಟಿ?" ಎಂದಳು ಅವ್ವ.

ಏನು ಮಾಡಿಕೊಳ್ಳುವುದು ಎಂದು ನನಗೆ ಅರ್ಥವಾಗಲಿಲ್ಲ. ಆದರೆ ಅಪ್ಪನ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಉರಿ ಹಾಕುವುದು ಬಿಟ್ಟು ಹೋಗಿ, ನಡುಮನೆಯಲ್ಲಿ ಹಾಸಿಗೆ ಮಡಚುತ್ತಿದ್ದ ಅತ್ತೆಯನ್ನು ನೋಡಿಕೊಂಡು ಬಂದೆ. ಅವತ್ತೆಲ್ಲ ಕಾರಣ ಗೊತ್ತಿಲ್ಲದೆ ಹಾಗೇ ನೋಡಿಕೊಂಡು ಬರುತ್ತಲೇ ಇದ್ದೆ.

ಆಮೇಲಿನ ಭಾನುವಾರ ಮಳೆ ಹೊಳವಾಗಿ ಬಿಸಿಲು ಬಿತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಮುದ್ದೆ, ಹುರುಳಿ ಸಾರು. ಅತ್ತೆ ಬೆಳಿಗ್ಗೆಯಿಂದ ಹೊಲದಲ್ಲಿದ್ದವಳು ಕೈ ತೊಳೆದು ಬಂದು ಕೂತು, ತಟ್ಟೆ ಮುಟ್ಟದೆ ಅಪ್ಪನ ಕಡೆ ತಿರುಗಿದಳು.

"ಅಣ್ಣಯ್ಯ, ಹುಳ ನಡುಹೊಲಕ್ಕೆ ಬಂದ್ಬುಟ್ಟೈತೆ. ಬಿಸ್ಲು ಬಿದ್ದೈತೆ, ಇವತ್ತೇ ಒಂದ್ಸಲ ಹೊಡಿಯಣ. ಔಷಧಿ ಡಬ್ಬ ಎಲ್ಲೈತೆ?"

ಎಲ್ಲರ ಕೈಗಳೂ ತಟ್ಟೆಯಲ್ಲೇ ನಿಂತವು.

"ಖಾಲಿ ಆಯ್ತು," ಎಂದ ಅಪ್ಪ.

"ಪಕ್ಕದ ಮನೆಯವರು ಇಸ್ಕಂಡು ಹೋದ್ರು," ಎಂದಳು ಅವ್ವ, ಅದೇ ಗಳಿಗೆಗೆ.

ನಾನು ಬಾಯಿ ಹಾಕಿದೆ. "ಇಲ್ಲ, ಅಜ್ಜಿ ಟ್ರಂಕಲ್ಲೈತೆ. ಅದಕ್ಕೂ ಮುಂಚೆ ಮಂಚದ ಕೆಳಗಿತ್ತು."

ಅತ್ತೆ ಅಪ್ಪನನ್ನು ನೋಡಿದಳು, ಅವ್ವನನ್ನು ನೋಡಿದಳು, ಅಜ್ಜಿಯ ಕೊರಳ ದಾರವನ್ನು ನೋಡಿದಳು. ಕಡೆಗೆ ನನ್ನನ್ನು ನೋಡಿದಳು. ಅವಳ ಮುಖದ ಬಣ್ಣ ಹೋಯಿತು.

"ನಾನು ಕುಡಿದ್ಬುಡ್ತೀನಿ ಅಂತಲಾ?"

ಅಜ್ಜಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

"ಹೆಣ್ಣೈಕ್ಳ ಮನಸು ಯಾರು ಕಂಡವ್ರೆ ಕಣವ್ವ..."

"ನನ್ ಮನಸು ನಾನು ಹೇಳ್ತೀನಿ, ಕೇಳಿ," ಎಂದು ಅತ್ತೆ ಎದ್ದು ನಿಂತಳು. "ಸಾಯ್ಬೇಕು ಅನ್ಸಿದ್ದಿದ್ರೆ ಅಲ್ಲೇ ಸಾಯ್ತಿದ್ದೆ. ಬದುಕ್ಬೇಕು ಅಂತ ಅಲ್ವಾ ಬಸ್ಸು ಹತ್ತಿ ನಿಮ್ ಮನೆಗೆ ಬಂದಿದ್ದು? ಅಲ್ಲಿ ಅವನು ಬೀಗ ಹಾಕ್ತಿದ್ದ. ಇಲ್ಲಿ ನೀವು ಬೀಗ ಹಾಕದೆ ಕಾಯ್ತಾ ಕೂತಿದ್ದೀರ. ಈ ಮಗೀನ ನನ್ ಹಿಂದೆ ಕಾವಲು ಬಿಟ್ಟಿದ್ದೀರ. ಬಾವಿಗೋದ್ರೆ ಹಿಂದೆ, ಬಚ್ಚಲಿಗೋದ್ರೆ ಮುಂದೆ. ನನಗೆ ಗೊತ್ತಿಲ್ಲ ಅಂದ್ಕಂಡ್ರಾ?"

ಕಾವಲು ಎಂಬ ಮಾತು ನನ್ನ ಎದೆಗೆ ಬಂದು ಬಡಿಯಿತು. ಅವಳಿಗೆ ಬೇಸರವಾಗದಿರಲಿ ಎಂದು ನನ್ನನ್ನು ಕಳಿಸಿದ್ದಾರೆ ಎಂದುಕೊಂಡಿದ್ದೆ. ಅವ್ವನ ಮುಖ ನೋಡಿದೆ, ಅವಳು ತಲೆ ತಗ್ಗಿಸಿದಳು. ಅಪ್ಪ ತಟ್ಟೆಯಲ್ಲಿದ್ದ ಮುದ್ದೆಯನ್ನು ಹಾಗೇ ಬಿಟ್ಟು, ಎಂಜಲು ಕೈಯಲ್ಲೇ ಎದ್ದು ಹೊರಗೆ ಹೋದ. ಬಾಗಿಲಿನಿಂದ ನೋಡಿದರೆ ಅವನು ಬದುವಿನ ಮೇಲೆ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. ಕೈಯಲ್ಲಿ ಸಾರು ಒಣಗಿರಬೇಕು. ಬಹಳ ಹೊತ್ತಿನ ಮೇಲೆ ಬಂದವನೇ ಅಜ್ಜಿಯ ಮುಂದೆ ನಿಂತು "ಕೊಡವ್ವ" ಎಂದ. ಅಜ್ಜಿ ಕೊಡಲಿಲ್ಲ. "ಕೊಡು ಅಂದೆ," ಎಂದು ಕೂಗಿದ. ಅವನು ಅಜ್ಜಿಯ ಮೇಲೆ ಕೂಗಿದ್ದನ್ನು ಮನೆ ಮೊದಲ ಸಲ ಕೇಳಿತು. ಅಜ್ಜಿ ಟ್ರಂಕು ತೆಗೆದಳು. ಅಪ್ಪ ಡಬ್ಬವನ್ನು ಒಯ್ದು ಹೊಲದ ಮೂಲೆಯ ಮೋಟರ್ ಮನೆಯಲ್ಲಿಟ್ಟು ಬೀಗ ಹಾಕಿದ. ಆ ಬೀಗದ ಕೈ ತಂದು ಅತ್ತೆಯ ಅಂಗೈಯಲ್ಲಿಟ್ಟ.

"ದನ, ಮಕ್ಳು ಓಡಾಡ್ತವೆ ಅಂತ ಬೀಗ ಹಾಕಿದ್ದು. ನಿನಗಲ್ಲ. ಗೆಡ್ಡೆ ಹೊಲ ಈ ವರ್ಷ ನಿಂದು. ಹೊಡಿಯದೋ ಬಿಡದೋ ನೀನೇ ನೋಡ್ಕೊ."

ಕೊಟ್ಟುಬಿಟ್ಟ ಮಾತ್ರಕ್ಕೆ ಅಪ್ಪನಿಗೆ ನೆಮ್ಮದಿ ಬಂತೆಂದಲ್ಲ. ಮುಂದಿನ ಎಷ್ಟೋ ದಿನ ಅವನು ನೀರು ಕಟ್ಟುವ ನೆವ, ಹಸು ಹುಡುಕುವ ನೆವ ಮಾಡಿಕೊಂಡು ಮೋಟರ್ ಮನೆಯ ಕಡೆ ಸುಳಿದು ಬರುತ್ತಿದ್ದ. ಅಜ್ಜಿಯಂತೂ ಅಡುಗೆಮನೆಯ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. ನಂಬಿಕೆ ಅನ್ನುವುದು ಒಬ್ಬರು ಒಂದು ದಿನ ತೀರ್ಮಾನ ಮಾಡಿ ಮುಗಿಸುವ ಕೆಲಸವಲ್ಲ, ದಿನವೂ ಭಯದಲ್ಲೇ ಮಾಡಬೇಕಾದ ಕೆಲಸ ಎಂದು ಅಪ್ಪನ ಆ ಓಡಾಟ ನೋಡಿ ನನಗೆ ಎಷ್ಟೋ ವರ್ಷದ ಮೇಲೆ ತಿಳಿಯಿತು.

ಅತ್ತೆ ಒಂದು ಸಲ ಔಷಧಿ ಹೊಡೆಸಿದಳು. ಅದರ ಮೇಲೂ ಮಳೆ ಬಂತು. ಆಮೇಲೆ ಅವಳು ಕೈಯಿಂದಲೇ ಹುಳ ಹಿಡಿಯಲು ನಿಂತಳು. ಒಂದು ಹಳೆಯ ಪಾತ್ರೆಯಲ್ಲಿ ನೀರಿಗೆ ಸೀಮೆಎಣ್ಣೆ ಬೆರೆಸಿಕೊಂಡು, ಎಲೆ ಮಗುಚಿ, ಮೊಟ್ಟೆ ಇದ್ದರೆ ಎಲೆಯನ್ನೇ ಕಿತ್ತು, ಮರಿಯಿದ್ದರೆ ಕೆರೆದು, ಹುಳವಿದ್ದರೆ ಗಿಡದ ಕೆಳಗೆ ಪಾತ್ರೆ ಹಿಡಿದು ಕೊಂಬೆ ತಟ್ಟುವುದು. ಸತ್ತಂತೆ ನಟಿಸಿ ಉದುರುವ ಅದರ ಚಾಳಿಯೇ ಅದಕ್ಕೆ ಮುಳುವಾಯಿತು. ಟಪಟಪನೆ ಪಾತ್ರೆಗೆ ಬೀಳುತ್ತಿದ್ದವು. ಮೊದಲ ದಿನ ನಾನು ಹೋಗಲಿಲ್ಲ. ಕಾವಲು ಎಂದು ಕರೆಸಿಕೊಂಡ ಮೇಲೆ ಅವಳ ಹಿಂದೆ ಹೋಗುವುದು ಹೇಗೆ ಎಂದು ತಿಳಿಯದೆ ಜಗಲಿಯ ಮೇಲೆ ಕೂತು, ಎದ್ದು, ಮತ್ತೆ ಕೂತು ಒದ್ದಾಡುತ್ತಿದ್ದೆ. ಹೊಲದಿಂದ ಶಿಳ್ಳೆ ಕೇಳಿಸಿತು. ಎರಡು ಬೆರಳು ಬಾಯಿಗಿಟ್ಟು ಹೊಡೆಯುವ ಶಿಳ್ಳೆ. ನಾನು ಓಡಿದೆ.

"ಯಾರ್ ಕಳಿಸಿದ್ರು?" ಎಂದಳು ಅತ್ತೆ.

"ಯಾರೂ ಇಲ್ಲ. ನೀನೇ ಕರೆದೆ."

"ಹಂಗಾದ್ರೆ ಆ ಸಾಲು ನಿಂದು, ಈ ಸಾಲು ನಂದು."

ಸಾಲುಗಳ ನಡುವೆ ಅವಳು ನನಗೆ ಎಸ್ಟೇಟಿನ ಮನೆಯ ಕತೆ ಹೇಳಿದಳು. ಆ ಮನೆಯ ಒಂದೇ ಕಿಟಕಿಯಿಂದ ಕೂಲಿ ಲೈನಿನ ಹೆಂಗಸರು ಬುಟ್ಟಿ ಹಿಡಿದು ಕೆಲಸಕ್ಕೆ ಹೋಗುವುದು ಕಾಣುತ್ತಿತ್ತಂತೆ. ಅವರ ಜೊತೆ ಮಾತಾಡಿದರೆ ಗಂಡನಿಗೆ ಆಗುತ್ತಿರಲಿಲ್ಲವಂತೆ. ಹಗಲೆಲ್ಲ ಒಳಗೇ ಗೋಡೆಯಿಂದ ಗೋಡೆಗೆ ತಿರುಗುವುದು. ಒಂದು ದಿನ ಬೀಗ ಸರಿಯಾಗಿ ಕಚ್ಚಿರಲಿಲ್ಲ, ಬಾಗಿಲು ಎಳೆದರೆ ಚಿಲಕ ಅಲ್ಲಾಡಿತು. "ಬಾಗ್ಲು ತೆಗೀತು ಪುಟ್ಟಿ. ತೆಗೆದ ಮೇಲೆ ಭಯ ಆಗ್ಬುಡ್ತು. ಮತ್ತೆ ಹಾಕಿ ಒಳಗೆ ಕೂತ್ಕಂಡೆ. ಆಮೇಲೆ ನನ್ ಮೇಲೆ ನನಗೇ ಸಿಟ್ಟು ಬಂತು ನೋಡು, ಬ್ಯಾಗ್ ಎತ್ಕಂಡು ನಡೆದ್ಬುಟ್ಟೆ." ಇದನ್ನು ಹೇಳುವಾಗಲೂ ಅವಳ ಕೈ ಎಲೆ ಮಗುಚುವುದನ್ನು ನಿಲ್ಲಿಸಲಿಲ್ಲ. ದೊಡ್ಡವರಿಗೂ ಭಯವಾಗುತ್ತದೆ, ಭಯವಾದ ಮೇಲೂ ನಡೆಯಬಹುದು ಎಂದು ನನಗೆ ಮೊದಲು ಗೊತ್ತಾದದ್ದು ಆ ಗೆಡ್ಡೆ ಸಾಲಿನಲ್ಲಿ. ಸಂಜೆಗೆ ನಮ್ಮಿಬ್ಬರ ಬೆರಳೂ ಹಳದಿಯಾಗಿ, ಎಷ್ಟು ಉಜ್ಜಿದರೂ ಆ ಕಹಿ ವಾಸನೆ ಹೋಗುತ್ತಿರಲಿಲ್ಲ.

ಗಿಡ ಹೂವು ಬಿಡುವ ಹೊತ್ತಿಗೆ ಅತ್ತೆಯ ಗಂಡ, ಅಂದರೆ ಮಾವ, ಬಂದರು. ಜೊತೆಗೆ ಅವರ ಕಡೆಯ ಒಬ್ಬ ಹಿರಿಯರು. ಮಾವ ಬಿಳಿ ಶರ್ಟು ಹಾಕಿದ್ದರು, ಮೆಲ್ಲಗೆ ಮಾತಾಡುತ್ತಿದ್ದರು, ನನಗೆಂದು ಬಿಸ್ಕತ್ತಿನ ಪೊಟ್ಟಣ ತಂದಿದ್ದರು. ನಾನು ಅವರನ್ನು ರಾಕ್ಷಸ ಎಂದು ಕಲ್ಪಿಸಿಕೊಂಡಿದ್ದೆ. ಆ ಮುಖ ನೋಡಿ ಗಲಿಬಿಲಿಯಾಯಿತು. ಅಜ್ಜಿ ಕಾಫಿಗೆ ಹಾಲು ಕಾಯಿಸಲು ಓಡಿದಳು, ಓಡುವಾಗ ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಗೆಲುವು ಕಂಡಿತು. ಅಪ್ಪ ಜಗಲಿಯ ತುದಿಯಲ್ಲಿ ಕೂತ. ಕಾಲು ಒಂದೇ ಸಮನೆ ಅಲ್ಲಾಡಿಸುತ್ತಿದ್ದ.

"ಎಸ್ಟೇಟ್ ಜಾಗ ಭಾವ. ಥರಾವರಿ ಜನ ಬರ್ತಾರೆ, ಹೋಗ್ತಾರೆ. ಅವಳ ಒಳ್ಳೇದಕ್ಕೇ ಬೀಗ ಹಾಕ್ತಿದ್ದಿದ್ದು," ಎಂದರು ಮಾವ.

ಅಷ್ಟರಲ್ಲಿ ಅತ್ತೆ ಹೊಲದಿಂದ ಬಂದಳು. ಹೋಗಿ ಸೀರೆ ಬದಲಿಸಿಕೊಂಡು ಬಾ ಎಂದು ಅಜ್ಜಿ ಒಳಗಿನಿಂದ ಸನ್ನೆ ಮಾಡಿದಳು. ಅತ್ತೆ ಮಣ್ಣು ಮೆತ್ತಿದ ಕಾಲಲ್ಲೇ ಅಂಗಳದಲ್ಲಿ ನಿಂತು, ಹುಳದ ಪಾತ್ರೆಯನ್ನು ಕೆಳಗಿಟ್ಟಳು.

"ನಾನು ಬರಲ್ಲ ಕಣ್ರೀ. ಬರಲ್ಲ ಅಂತ ಹೇಳಿಸ್ಕಳಾಕೆ ನೀವು ಇಷ್ಟು ದೂರ ಬರೋ ಹಂಗಾಯ್ತು. ಕಾಫಿ ಕುಡ್ಕಂಡು ಹೋಗಿ."

ಮಾವನ ಮುಖ ಕೆಂಪಾಯಿತು. ಹಿರಿಯರು ಗಂಟಲು ಸರಿಮಾಡಿಕೊಂಡು ಅಪ್ಪನ ಕಡೆ ತಿರುಗಿದರು.

"ನೋಡಪ್ಪ, ಹೆಣ್ಣು ತವರಲ್ಲಿ ಎಷ್ಟು ದಿನ ಇದ್ದಾಳು? ಮನಸು ಕೆಟ್ಟಿರೋ ಹೆಣ್ಣು. ನಾಳೆ ಏನಾದ್ರೂ ಮಾಡ್ಕಂಡ್ಲು ಅನ್ನು. ಪೋಲೀಸು, ಕೇಸು. ಯಾರು ಜವಾಬ್ದಾರಿ?"

ಅಪ್ಪನ ಕಾಲು ನಿಂತಿತು. ಅವನು ಈಗ ಎದ್ದು ನಡೆಯುತ್ತಾನೆ, ಬೀಡಿ ಹಚ್ಚಿಕೊಂಡು ಬದುವಿಗೆ ಹೋಗುತ್ತಾನೆ ಎಂದುಕೊಂಡೆ. ಅವನು ಏಳಲಿಲ್ಲ.

"ನಮ್ ಹೊಲಕ್ಕೆ ಹುಳ ಬಿದ್ದಿತ್ತು ಸ್ವಾಮಿ. ಔಷಧಿ ತಂದು ಮಡಗೀವಿ. ಆ ಔಷಧಿ ಇರೋ ಮೋಟರ್ ಮನೆ ಬೀಗದ ಕೈ ಇವಳ ಹತ್ರಾನೇ ಐತೆ, ನಾನೇ ಕೊಟ್ಟಿರೋದು. ನನ್ ತಂಗಿ ಏನೂ ಮಾಡ್ಕಳಲ್ಲ. ಜವಾಬ್ದಾರಿ ನಂದು."

ಅತ್ತೆ ಅಪ್ಪನ ಕಡೆ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತು. ನನಗೆ ನೆನಪಿರುವಂತೆ ಆ ಮಳೆಗಾಲದಲ್ಲಿ ಅವಳು ಅತ್ತದ್ದು ಅದೊಂದೇ ಸಲ. ಕಾಫಿ ಲೋಟ ಹಿಡಿದು ಬಂದ ಅಜ್ಜಿ ನಡುಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಮಾವ ಎದ್ದರು. ಅವರ ಬಿಳಿ ತೋಳಿನ ಮೇಲೆ, ಪಾತ್ರೆಯಿಂದ ತಪ್ಪಿಸಿಕೊಂಡದ್ದೋ ಏನೋ, ಒಂದು ಹುಳ ಹತ್ತುತ್ತಿತ್ತು. ಅವರು ಅದನ್ನು ಬೆರಳಿನಿಂದ ಚಿಮ್ಮಿದರು, ಶರ್ಟಿನ ಮೇಲೆ ಹಳದಿ ಕಲೆ ಉಳಿಯಿತು. ಕಾಫಿ ಕುಡಿಯದೆಯೇ ಹೊರಟುಹೋದರು. ಅವರು ರಸ್ತೆ ಮುಟ್ಟುವ ತನಕ ಅತ್ತೆ ನಿಂತಿದ್ದು, ಮತ್ತೆ ಪಾತ್ರೆ ಎತ್ತಿಕೊಂಡು ಹೊಲಕ್ಕೆ ಇಳಿದಳು. ನಾನು ಅಭ್ಯಾಸಬಲದಿಂದ ಹಿಂದೆ ಹೊರಟೆ. ಅವ್ವ ನನ್ನ ಲಂಗ ಹಿಡಿದು ನಿಲ್ಲಿಸಿದಳು.

"ಬ್ಯಾಡ ಪುಟ್ಟಿ. ಒಬ್ಳೇ ಹೋಗ್ಲಿ ಬಿಡು."

ಅದಾದ ಮೇಲೆ ಎಲ್ಲವೂ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಸಂಬಂಧ ಕಳಚಲು ಹಾಸನದ ಕೋರ್ಟಿಗೆ ಅಪ್ಪನೂ ಅತ್ತೆಯೂ ಎಷ್ಟೋ ಸಲ ಓಡಾಡಿದರು. ಊರಿನಲ್ಲಿ ಮಾತಾಡುವವರು ಮಾತಾಡಿದರು. ನಮ್ಮ ಮನೆಗೆ ಹೆಣ್ಣು ಕೇಳಲು ಬರುವವರು ಅತ್ತೆಯ ವಿಷಯ ಎತ್ತಿ ಮುಖ ತಿರುಗಿಸುವ ಕಾಲವೂ ಮುಂದೆ ಬಂತು, ಆಗ ಅದನ್ನು ಎದುರಿಸಿದವಳು ನಾನು. ಆ ವರ್ಷದ ಗೆಡ್ಡೆಗೆ ಹುಳದ ಹಿಂದೆಯೇ ಸ್ವಲ್ಪ ಅಂಗಮಾರಿ ರೋಗವೂ ತಗುಲಿ, ಬದುವಿನ ಕಡೆಯ ಸಾಲುಗಳು ಹೋದವು, ನಡುಹೊಲ ಉಳಿಯಿತು. ಆಮೇಲೆ ಬಹಳ ವರ್ಷ ಆ ಹೊಲವನ್ನು ಅತ್ತೆಯೇ ನೋಡಿಕೊಂಡಳು. ಇವತ್ತಿಗೂ ನಾನು ಯಾವ ಮನೆಗೆ ಹೋದರೂ ಮೊದಲು ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ನೋಡುತ್ತೇನೆ. ಕೂತ ಜಾಗದಲ್ಲಿ ಬಹಳ ಹೊತ್ತು ಕೂರಲಾರೆ. ಮನೆಯವರು ಏನನ್ನೋ ಮೆಲ್ಲಗೆ ಮಾತಾಡುತ್ತಿದ್ದರೆ, ಗಟ್ಟಿಯಾಗಿ ಮಾತಾಡಿ ಎಂದುಬಿಡುತ್ತೇನೆ. ಅದು ಒರಟುತನ ಎಂದು ಕೆಲವರಿಗೆ ಅನ್ನಿಸಿದೆ, ಇರಬಹುದು.

ಆ ವರ್ಷ ಮಾವ ಬಂದುಹೋದ ದಿನದಿಂದ ಅಜ್ಜಿ ಮಗಳ ಜೊತೆ ಮಾತು ಬಿಟ್ಟಿದ್ದಳು. ಊಟಕ್ಕೆ ಇಕ್ಕುವಾಗಲೂ ಮುಖ ನೋಡುತ್ತಿರಲಿಲ್ಲ. "ಅವಳಿಗೆ ಸಾರು ಬೇಕಾ ಕೇಳು," ಎಂದು ನನ್ನ ಮೂಲಕ ಕೇಳಿಸುವಳು. ಅತ್ತೆ ಒಂದೆರಡು ಸಲ ತಾನಾಗಿ ಮಾತಾಡಿಸಲು ಹೋಗಿ ಸುಮ್ಮನಾದಳು. ಗಿಡ ಹಳದಿಯಾಗಿ ಮಲಗಿತು. ಕೀಳುವ ಹಿಂದಿನ ದಿನ ಸಂಜೆ ಅತ್ತೆ ನಡುಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಗಿಡದ ಬುಡ ಬಗೆದು ನೋಡುತ್ತಿದ್ದಳು. ನಾನು ಪಕ್ಕದಲ್ಲಿ ನಿಂತಿದ್ದೆ. ಮಣ್ಣಿನೊಳಗಿಂದ ಗೆಡ್ಡೆಗಳು ಒಂದೊಂದಾಗಿ ಮೇಲೆ ಬಂದವು. ಹಿಂದಿನಿಂದ ಅಜ್ಜಿ ಬರುತ್ತಿರುವುದು ಕಾಣಿಸಿತು. ತಲೆಯ ಮೇಲೆ ಮಳೆಗೆಂದು ಗೋಣಿಯ ಕೊಪ್ಪೆ, ಕೈಯಲ್ಲಿ ಕೋಲು. ಕೀಳುವ ಆಳುಗಳನ್ನು ಊರೊಳಗೆ ಹೋಗಿ ಹೇಳಿ ಬರುವುದು ಯಾವಾಗಲೂ ಅಜ್ಜಿಯ ಕೆಲಸ. ಎಷ್ಟು ಜನ ಎಂದು ಅವಳು ಅಪ್ಪನನ್ನು ಕೇಳುವ ವಾಡಿಕೆ. ಅಪ್ಪ ಅಲ್ಲೇ ಬದುವಿನ ಮೇಲೆ ನಿಂತಿದ್ದ. ಅಜ್ಜಿ ಅವನನ್ನು ದಾಟಿಕೊಂಡು ಸಾಲಿನೊಳಗೆ ಇಳಿದು ಬಂದು ಅತ್ತೆಯ ಎದುರು ನಿಂತಳು.

"ನಾಳಿಕ್ಕೆ ಎಷ್ಟು ಆಳು ಬೇಕು ಹೇಳು. ಕತ್ತಲಾಗೋಕೆ ಮುಂಚೆ ಹೇಳ್ಬುಟ್ಟು ಬತ್ತೀನಿ."

ಅತ್ತೆ ತಲೆಯೆತ್ತಿದಳು. ಕೈಯಲ್ಲಿದ್ದ ಗೆಡ್ಡೆಯ ಮಣ್ಣು ಒರೆಸುತ್ತ ಸಾಲುಗಳ ಮೇಲೆ ಕಣ್ಣಾಡಿಸಿದಳು.

"ಹತ್ತು ಜನ ಸಾಕು ಕಣವ್ವ."

"ಹತ್ತು ಎಲ್ಲಿ ಸಾಕಾಯ್ತದೆ? ಮೋಡ ನೋಡು ಹೆಂಗೈತೆ. ಹದಿನೈದು ಹೇಳ್ತೀನಿ."

"ಅಷ್ಟು ಜನಕ್ಕೆ ಯಾರು ಅಡುಗೆ ಮಾಡದು? ಹತ್ತು ಸಾಕು ಅಂದ್ನಲ್ಲ."

"ನಾನು ಮಾಡ್ತೀನಿ ಬಿಡು. ನಿನಗೇನ್ ಗೊತ್ತು, ನೆನ್ನೆ ಮೊನ್ನೆ ಹೊಲ ಕಂಡವಳು," ಎಂದು ಗೊಣಗುತ್ತ ಅಜ್ಜಿ ಕೋಲೂರಿಕೊಂಡು ಊರಿನ ಕಡೆ ಹೊರಟಳು.

"ಹತ್ತೇ ಹೇಳು ಕಣವ್ವೋ!" ಎಂದು ಅತ್ತೆ ಹಿಂದಿನಿಂದ ಕೂಗಿದಳು.

ಅಜ್ಜಿ ತಿರುಗಿ ನೋಡದೆ ಕೋಲು ಮೇಲೆತ್ತಿ ಗಾಳಿಯಲ್ಲಿ ಆಡಿಸಿದಳು. ಅತ್ತೆ ನನ್ನ ಕಡೆ ನೋಡಿ ನಕ್ಕಳು. ಬೆಳಿಗ್ಗೆ ನೋಡಿದರೆ ಅಂಗಳದ ತುಂಬ ಹದಿನೈದು ಆಳು.